ಹಬ್ಬದ ಉಡುಗೊರೆ ಮತ್ತು ಆರೋಗ್ಯ

ಭಾದ್ರಪದದ ಗೌರಿ ಹಬ್ಬದಿಂದ ಮೊದಲಾಗಿ ಮಕರ ಸಂಕ್ರಾಂತಿಯವರೆಗಿನ ತಿಂಗಳುಗಳು ಕೊಡುಕೊಳ್ಳುವ ಕಾಲ. ಗೌರಿಗೆ ಮೊರದ ಬಾಗಿನ, ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರಿಗೆ ತಾಂಬೂಲ, ದೀಪಾವಳಿಗೆ ನೆರೆಹೊರೆಗೆ ಸಿಹಿತಿಂಡಿ, ನವೆಂಬರ್ 1ರ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಬಹುಮಾನ, ಸಂಕ್ರಾಂತಿಗೆ ಎಳ್ಳು ಬೆಲ್ಲ, ಹೀಗೆ ಒಂದರ ಹಿಂದೊಂದು ಬರುತ್ತವೆ. ದೆಹಲಿಯಲ್ಲಿ ನೆಲೆಸಿದ ಕನ್ನಡಿಗರು ತವರಿನ ಈ ಪದ್ಧತಿಗೆ ಉತ್ತರದ ದೀಪಾವಳಿ ಉಡುಗೊರೆಯ ರೂಢಿಯನ್ನೂ ಸೇರಿಸಿಕೊಂಡಿದ್ದಾರೆ. ಜನಕಪುರಿಯ ಮನೆಗಳಲ್ಲಿ ಆ ವಾರ ಸೋನ್ ಪಾಪಡಿ, ಕಾಜೂ ಕತ್ಲಿ, ಒಣಹಣ್ಣುಗಳ ಪೆಟ್ಟಿಗೆಗಳು ಮೇಜಿನ ಮೇಲೆ ಒಂದರ ಮೇಲೊಂದು ಏರುತ್ತವೆ. ಒಂದು ಮನೆಗೆ ಬಂದ ಪೆಟ್ಟಿಗೆ ಬಿಚ್ಚದೆಯೇ ಮತ್ತೊಂದು ಮನೆಗೆ ಹೋಗುವುದೂ ಉಂಟು.

ಈ ಪೆಟ್ಟಿಗೆಗಳು ತಲುಪುವ ಮನೆಗಳಲ್ಲಿ ಇಂದು ಇರುವವರು ಯಾರು ಎಂಬುದನ್ನು ಗಮನಿಸಬೇಕು. ಕೇಂದ್ರ ಸರ್ಕಾರದ ನೌಕರಿಗೆಂದು ದಶಕಗಳ ಹಿಂದೆ ರಾಜಧಾನಿಗೆ ಬಂದು, 1970ರ ದಶಕದಿಂದ ಬೆಳೆದ ಈ ಬಡಾವಣೆಯಲ್ಲಿ ಮನೆ ಮಾಡಿಕೊಂಡವರು ಈಗ ನಿವೃತ್ತರು. ಅನೇಕರ ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದಾರೆ. ಸಿಹಿಯ ಪೆಟ್ಟಿಗೆಯ ಪಕ್ಕದಲ್ಲಿಯೇ ಮಾತ್ರೆಗಳ ಡಬ್ಬಿಯೂ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನರು ಆ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ಪ್ರೀತಿಯಿಂದ ಕೊಟ್ಟದ್ದೇ ಪಡೆದವರಿಗೆ ತೊಂದರೆಯಾಗಬಾರದು ಎಂಬ ವಿಚಾರ ಹುಟ್ಟುವುದು ಸಹಜ. ಆರೋಗ್ಯಕ್ಕೆ ಒದಗುವ ಉಡುಗೊರೆಗಳ ಕಡೆ ಈಚೆಗೆ ಜನರ ಮನಸ್ಸು ತಿರುಗಿರುವುದಕ್ಕೆ ಇದೇ ಕಾರಣ.

ಆದರೆ ಅಂಗಡಿಯಲ್ಲಿ "ಆರೋಗ್ಯ" ಎಂಬ ಹೆಸರು ಹೊತ್ತದ್ದೆಲ್ಲವೂ ಆರೋಗ್ಯಕರವಲ್ಲ. ಒಳ್ಳೆಯ ಉಪಕರಣವೂ ಬಳಸುವ ಕ್ರಮ ತಿಳಿಯದಿದ್ದರೆ ಬೀರುವಿನ ಮೂಲೆ ಸೇರುತ್ತದೆ. ದಾನ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಗಾದೆ ಪಡೆಯುವವರಿಗೆ ಹೇಳಿದ್ದು. ಕೊಡುವವರು ಹಲ್ಲು ಎಣಿಸಿಯೇ ಕೊಡತಕ್ಕದ್ದು. ಪಡೆಯುವವರ ಶರೀರಕ್ಕೆ ಇದು ಒಗ್ಗುತ್ತದೆಯೆ? ದಿನನಿತ್ಯ ಬಳಕೆಗೆ ಬರುತ್ತದೆಯೆ? ಹಬ್ಬ ಮುಗಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಹಣ ಕೊಡುವುದು ಲೇಸು.

ಹಿರಿಯರ ಪದ್ಧತಿಯ ಒಳಮರ್ಮ

ಕನ್ನಡ ನಾಡಿನ ಹಳೆಯ ಉಡುಗೊರೆಗಳನ್ನು ನೋಡಿದರೆ ಈ ಪ್ರಶ್ನೆಗಳಿಗೆ ಅವುಗಳಲ್ಲಿಯೇ ಉತ್ತರವಿರುವುದು ಕಾಣುತ್ತದೆ. ಮೊರದ ಬಾಗಿನದಲ್ಲಿ ಅರಿಶಿನ, ಕುಂಕುಮ, ಬಳೆಗಳ ಜೊತೆಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಇರುತ್ತವೆ. ಅವು ಅಡಿಗೆಮನೆಗೆ ಹೋಗಿ ಊಟವಾಗುವ ಪದಾರ್ಥಗಳು. ಬಾಣಂತಿಗೆ ಕೊಡುವ ಅಂಟಿನುಂಡೆ ಎಲ್ಲರಿಗೂ ಹಂಚುವ ತಿಂಡಿಯಲ್ಲ. ಹೆರಿಗೆಯಿಂದ ಬಳಲಿದ ಒಂದು ಶರೀರಕ್ಕೆ, ಒಂದು ಕಾಲಕ್ಕೆ ಎಂದೇ ಮಾಡಿದ್ದು.

ಸಂಕ್ರಾಂತಿಯ ಎಳ್ಳು ಬೆಲ್ಲವಂತೂ ಋತುವಿಗೆ ತಕ್ಕ ಉಡುಗೊರೆ. ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿ, ಹುರಿಗಡಲೆ, ಬೆಲ್ಲ ಸೇರಿದ ಈ ಮಿಶ್ರಣದಲ್ಲಿ ಕೊಬ್ಬು, ಸಸಾರಜನಕ, ಖನಿಜಾಂಶಗಳು ಒಟ್ಟಿಗೆ ದೊರೆಯುತ್ತವೆ. ಜನಕಪುರಿಯ ಪಂಜಾಬಿ ನೆರೆಯವರು ಜನವರಿ 13ರ ಲೋಹಡಿಯಂದು ಹಂಚುವ ರೇವಡಿ, ಗಜಕ್, ಕಡಲೆಕಾಯಿಗಳಲ್ಲಿಯೂ ಎಳ್ಳು ಬೆಲ್ಲಗಳೇ ಪ್ರಧಾನ. ಚಳಿಗೆ ತಕ್ಕ ಆಹಾರವನ್ನು ದಕ್ಷಿಣದವರೂ ಉತ್ತರದವರೂ ಒಂದೇ ಬಗೆಯಲ್ಲಿ ಕಂಡುಕೊಂಡದ್ದು ಸಂತೋಷದ ಸಂಗತಿ. ಇನ್ನೊಂದು ಮಾತನ್ನು ಮರೆಯಬಾರದು: ಎಳ್ಳು ಬೆಲ್ಲವನ್ನು ಕೊಡುವುದು ಒಂದು ಹಿಡಿ ಹಿಡಿಸುವ ಪೊಟ್ಟಣದಲ್ಲಿ, ಕಿಲೋ ತೂಕದ ಪೆಟ್ಟಿಗೆಯಲ್ಲಿ ಅಲ್ಲ. ಮಿತಿ ಎಂಬುದು ಆ ಪದ್ಧತಿಯಲ್ಲಿಯೇ ಅಡಗಿದೆ.

ತಿನ್ನುವ ಉಡುಗೊರೆಗಳು

ಸಿಹಿಯನ್ನು ಹಬ್ಬದಿಂದ ಪೂರ್ತಿ ಹೊರಗಿಡಬೇಕೆಂದು ಯಾವ ವೈದ್ಯರೂ ಹೇಳುವುದಿಲ್ಲ. ಪ್ರಮಾಣ ಕಡಿಮೆಯಾಗಲಿ ಎಂಬುದಷ್ಟೇ ಅಪೇಕ್ಷೆ. ಒಂದು ಕಿಲೋ ಪೆಟ್ಟಿಗೆಯ ಬದಲು ಮನೆಯಲ್ಲಿ ಮಾಡಿದ ನಾಲ್ಕು ಉಂಡೆಗಳನ್ನು ಕೊಟ್ಟರೆ ಪ್ರೀತಿಗೆ ಕೊರತೆಯಾಗದು.

ಬಾದಾಮಿ, ಅಕ್ರೋಟು, ಪಿಸ್ತಾಗಳು ಸಿಹಿಗಿಂತ ಉತ್ತಮವಾದ ಉಡುಗೊರೆಗಳೇ ಸರಿ. ಆದರೆ 30 ಗ್ರಾಂ ಬಾದಾಮಿಯಲ್ಲಿ, ಎಂದರೆ ಒಂದು ಹಿಡಿಯಲ್ಲಿ, ಸುಮಾರು 170 ಕ್ಯಾಲೊರಿಗಳಿರುತ್ತವೆ. ದಿನಕ್ಕೆ ಅಷ್ಟೇ ಸಾಕು. ರಕ್ತದ ಒತ್ತಡವಿರುವವರಿಗೆ ಉಪ್ಪು ಸವರಿ ಹುರಿದದ್ದನ್ನು ಕೊಡದೆ ಬರಿಯ ಬೀಜಗಳನ್ನು ಆರಿಸಬೇಕು. ದ್ರಾಕ್ಷಿ, ಖರ್ಜೂರ, ಅಂಜೂರಗಳಲ್ಲಿ ಸಕ್ಕರೆ ಹೇರಳ. ಮೂತ್ರಪಿಂಡದ ಕಾಯಿಲೆಯಿದ್ದವರಿಗೆ ಒಣಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಅಪಾಯ ತರಬಹುದಾದ್ದರಿಂದ ಅವರಿಗೆ ಈ ಪೆಟ್ಟಿಗೆ ಸಲ್ಲದು.

"ಸಕ್ಕರೆರಹಿತ" ಎಂಬ ಚೀಟಿ ಅಂಟಿಸಿದ ಸಿಹಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಸಕ್ಕರೆಯಿಲ್ಲದಿದ್ದರೂ ಖೋವಾ, ತುಪ್ಪ, ಹಿಟ್ಟುಗಳು ಅಲ್ಲಿಯೂ ಇರುತ್ತವೆ. ಬೆಲ್ಲ ಅಥವಾ ಜೇನುತುಪ್ಪ ಹಾಕಿದ್ದರೆ ಸಕ್ಕರೆ ಕಾಯಿಲೆಯವರಿಗೆ ದೋಷವಿಲ್ಲವೆಂಬ ನಂಬಿಕೆ ಬಹಳ ಹಬ್ಬಿದೆ. ಬೆಲ್ಲದ ಬಹುಭಾಗವೂ ಸಕ್ಕರೆಯೇ ಆದುದರಿಂದ ಈ ನಂಬಿಕೆ ತಪ್ಪು. ದೆಹಲಿಯ ಚಳಿಗಾಲದಲ್ಲಿ ಹಿರಿಯರಿಗೆ ಕೊಡುವ ಚ್ಯವನಪ್ರಾಶದಲ್ಲಿಯೂ ಸಾಮಾನ್ಯವಾಗಿ ಸಕ್ಕರೆಯ ಪಾಲು ದೊಡ್ಡದು.

ಊರಿಂದ ಬರುವವರು ತರಬಹುದಾದ ಒಳ್ಳೆಯ ಉಡುಗೊರೆ ರಾಗಿ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ದೆಹಲಿಯ ಅಂಗಡಿಗಳಲ್ಲಿಯೂ ರಾಗಿ ಪರಿಚಿತವಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ; ಪಾಲಿಷ್ ಮಾಡಿದ ಅಕ್ಕಿಯಲ್ಲಿರುವುದು ಹತ್ತು ಮಿಲಿಗ್ರಾಂ ಆಸುಪಾಸು ಮಾತ್ರ. ವಯಸ್ಸಾದ ಹೆಂಗಸರ ಮೂಳೆಗಳಿಗೂ ಬೆಳೆಯುವ ಮಕ್ಕಳಿಗೂ ಇದು ಹಿತ. ಆದರೂ ರಾಗಿಯೂ ಪಿಷ್ಟಪ್ರಧಾನ ಧಾನ್ಯವೇ. ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ. ಸಕ್ಕರೆ ಕಾಯಿಲೆಯವರು ಸೊಪ್ಪಿನ ಸಾರು, ಹುಳಿ, ಕಾಳುಗಳೊಡನೆ ಮಿತವಾಗಿ ಉಣ್ಣುವುದು ಮೇಲು.

ರಕ್ತದ ಒತ್ತಡ ಅಳೆಯುವ ಯಂತ್ರ

ದೂರದಲ್ಲಿರುವ ಮಕ್ಕಳು ತಂದೆತಾಯಿಯರಿಗೆ ಕಳುಹಿಸುವ ಉಡುಗೊರೆಗಳಲ್ಲಿ ಇದು ಮೊದಲನೆಯದು, ಅತ್ಯಂತ ಉಪಯುಕ್ತವಾದದ್ದೂ ಹೌದು. ರಕ್ತದ ಒತ್ತಡ ಏರಿದರೂ ಎಷ್ಟೋ ಮಂದಿಗೆ ಯಾವ ಲಕ್ಷಣವೂ ತೋರುವುದಿಲ್ಲ. ಅಳೆದಾಗಲೇ ಅದು ತಿಳಿಯುತ್ತದೆ.

ಕೊಳ್ಳುವಾಗ ಮಣಿಕಟ್ಟಿಗೆ ಕಟ್ಟುವುದಕ್ಕಿಂತ ಮೇಲ್ದೋಳಿಗೆ ಕಟ್ಟುವ ಯಂತ್ರವನ್ನು ಆರಿಸಬೇಕು. ತೋಳಿಗೆ ಸುತ್ತುವ ಪಟ್ಟಿಯ ಅಳತೆ ಮುಖ್ಯ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡವನ್ನು ಯಂತ್ರ ತೋರಿಸುತ್ತದೆ. ಆದುದರಿಂದ ಪಡೆಯುವವರ ತೋಳಿನ ಸುತ್ತಳತೆಯನ್ನು ಟೇಪಿನಿಂದ ಮೊದಲೇ ಅಳೆದುಕೊಳ್ಳುವುದು ಒಳ್ಳೆಯದು.

ಬಳಸುವ ಕ್ರಮವನ್ನು ಯಂತ್ರದ ಜೊತೆಗೆ ಕನ್ನಡದಲ್ಲಿ ಬರೆದುಕೊಟ್ಟರೆ ಉಡುಗೊರೆ ಪೂರ್ಣವಾಗುತ್ತದೆ:

1. ಅಳೆಯುವುದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಹೊಗೆಸೊಪ್ಪು, ವ್ಯಾಯಾಮ ಬೇಡ.
2. ಮೂತ್ರವಿಸರ್ಜನೆ ಮಾಡಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಪಾದಗಳು ನೆಲದ ಮೇಲಿರಬೇಕು. ಕಾಲ ಮೇಲೆ ಕಾಲು ಹಾಕಬಾರದು.
3. ತೋಳು ಮೇಜಿನ ಮೇಲೆ, ಹೃದಯದ ಮಟ್ಟದಲ್ಲಿರಲಿ. ಪಟ್ಟಿ ಬರಿಯ ಚರ್ಮದ ಮೇಲಿರಬೇಕು. ಚಳಿಗೆ ತೊಟ್ಟ ಸ್ವೆಟರಿನ ಮೇಲೆ ಸುತ್ತಬಾರದು.
4. ಅಳೆಯುವಾಗ ಮಾತು ಬೇಡ.
5. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು, ತಾರೀಖಿನೊಡನೆ ಪುಸ್ತಕದಲ್ಲಿ ಬರೆಯಬೇಕು.

ಮನೆಯಲ್ಲಿ ಅಳೆದ ಸಂಖ್ಯೆ ಮತ್ತೆ ಮತ್ತೆ 135/85 ಅಥವಾ ಅದಕ್ಕೂ ಹೆಚ್ಚು ಬಂದರೆ ವೈದ್ಯರಿಗೆ ಆ ಪುಸ್ತಕವನ್ನು ತೋರಿಸಬೇಕು. ಒಂದೇ ಸಲ ಹೆಚ್ಚಾಗಿ ಬಂತೆಂದು ಗಾಬರಿಯಾಗಿ ಗಂಟೆಗೊಮ್ಮೆ ಅಳೆಯುವುದೂ, ತಾವೇ ಮಾತ್ರೆಯನ್ನು ಹೆಚ್ಚಿಸುವುದೂ ತಪ್ಪು. ಆದರೆ ಒತ್ತಡ 180/120 ದಾಟಿದ್ದು, ಎದೆನೋವು, ಉಸಿರಾಟಕ್ಕೆ ಕಷ್ಟ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಸಕ್ಕರೆ ಅಳೆಯುವ ಯಂತ್ರ

ಗ್ಲೂಕೋಮೀಟರ್ ಕೊಡುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. ಯಂತ್ರದ ಬೆಲೆ ಒಂದೇ ಸಲ. ಪರೀಕ್ಷಾ ಪಟ್ಟಿಗಳ ಖರ್ಚು ಪ್ರತಿ ತಿಂಗಳೂ ಇದೆ. ಪಟ್ಟಿಗಳು ಮುಗಿದ ದಿನ ಯಂತ್ರವೂ ಮೂಲೆಗೆ ಬೀಳುತ್ತದೆ. ಆದುದರಿಂದ ವರ್ಷಕ್ಕೆ ಬೇಕಾಗುವಷ್ಟು ಪಟ್ಟಿಗಳ ಹೊಣೆಯನ್ನು ಹೊರುವುದೇ ನಿಜವಾದ ಉಡುಗೊರೆ. ಎಲ್ಲವನ್ನೂ ಒಮ್ಮೆಗೇ ಕೊಂಡು ಕೊಡುವುದು ಸಲ್ಲದು, ಏಕೆಂದರೆ ಅವುಗಳಿಗೆ ಅವಧಿಯಿದೆ. ತೇವ ತಾಗದಂತೆ ಮುಚ್ಚಿದ ಡಬ್ಬಿಯಲ್ಲಿಯೇ ಇಡಬೇಕು. ಬೆರಳು ಚುಚ್ಚುವ ಮುನ್ನ ಕೈ ತೊಳೆದು ಒರಸಿಕೊಳ್ಳಬೇಕು. ಹೋಳಿಗೆ ಮುಟ್ಟಿದ ಬೆರಳಿನಲ್ಲಿ ಯಂತ್ರ ಸುಳ್ಳು ಲೆಕ್ಕ ತೋರಿಸೀತು.

ಈ ಯಂತ್ರ ಸಕ್ಕರೆ ಏರಿದ್ದನ್ನು ಮಾತ್ರವಲ್ಲದೆ ಇಳಿದದ್ದನ್ನೂ ತೋರಿಸುತ್ತದೆ. ಹಬ್ಬದ ದಿನ ಪೂಜೆ ಮುಗಿಯುವವರೆಗೆ ಉಪವಾಸವಿದ್ದು, ರೂಢಿಯಂತೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡ ಹಿರಿಯರಿಗೆ ಇದು ನಿಜವಾದ ಅಪಾಯ. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟು, ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದಿದ್ದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಕೂಡಲೇ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಉಪವಾಸ ಮಾಡುವ ಆಸೆಯುಳ್ಳವರು ಮಾತ್ರೆಯ ಹೊತ್ತು ಮತ್ತು ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳುವುದು ಅಗತ್ಯ.

ದೆಹಲಿಯ ಗಾಳಿಗೆ ತಕ್ಕ ಉಡುಗೊರೆ

ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಯಾರಿಗೂ ಹೊಳೆಯದ ಉಡುಗೊರೆಯೊಂದು ದೆಹಲಿಯಲ್ಲಿ ಅವಶ್ಯಕವಾಗಿದೆ. ಅದು ಶುದ್ಧ ಗಾಳಿ. ದೀಪಾವಳಿ ಬರುವ ಹೊತ್ತಿಗೆ ಗಾಳಿಯ ಚಲನೆ ತಗ್ಗಿ, ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ವಾಹನಗಳ ಹೊಗೆ, ಧೂಳು, ಪೈರಿನ ಕೂಳೆ ಸುಟ್ಟ ಹೊಗೆ, ಪಟಾಕಿಯ ಹೊಗೆಗಳೆಲ್ಲ ಅದರಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಇವುಗಳಲ್ಲಿ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಹೃದಯಕ್ಕೂ ಕೇಡು ಮಾಡುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಾಯುಗುಣಮಟ್ಟ ಸೂಚ್ಯಂಕದಲ್ಲಿ 301ರಿಂದ 400ರವರೆಗೆ "ಅತಿ ಕಳಪೆ", 401ರ ಮೇಲೆ "ಗಂಭೀರ" ಎಂದು ಅರ್ಥ.

ಬಟ್ಟೆಯ ಮುಸುಕು ಈ ಕಣಗಳನ್ನು ತಡೆಯಲಾರದು. ಎನ್-95 ಮುಖಗವಸು ಮುಖಕ್ಕೆ ಸರಿಯಾಗಿ ಕೂತರೆ ಬಹುಮಟ್ಟಿಗೆ ತಡೆಯುತ್ತದೆ. ಗಡ್ಡವಿದ್ದವರಲ್ಲಿ ಅಂಚಿನಿಂದ ಗಾಳಿ ನುಸುಳುತ್ತದೆ. ಅದನ್ನು ತೊಟ್ಟಾಗ ಉಸಿರಾಟಕ್ಕೆ ತುಸು ಶ್ರಮವಾಗುವುದರಿಂದ ಉಬ್ಬಸ ಅಥವಾ ಹೃದ್ರೋಗವಿರುವವರು ವೈದ್ಯರನ್ನು ಕೇಳಿ ಬಳಸಬೇಕು. ಹತ್ತು ಮುಖಗವಸುಗಳ ಒಂದು ಕಟ್ಟು ಸಿಹಿಯ ಪೆಟ್ಟಿಗೆಗಿಂತ ದುಬಾರಿಯೇನಲ್ಲ.

ಗಾಳಿ ಶೋಧಿಸುವ ಯಂತ್ರವನ್ನು ಕೊಡುವ ಶಕ್ತಿಯುಳ್ಳವರು ಹೆಪಾ ಜಾಲರಿಯುಳ್ಳದ್ದನ್ನು, ಕೋಣೆಯ ವಿಸ್ತಾರಕ್ಕೆ ಸಾಕಾಗುವಂಥದನ್ನು ಆರಿಸಬೇಕು. ಓಜೋನ್ ಅನಿಲವನ್ನು ಹೊರಸೂಸುವ ಯಂತ್ರಗಳು ಶ್ವಾಸಕ್ಕೆ ಒಳ್ಳೆಯದಲ್ಲ. ಜಾಲರಿಯನ್ನು ಕಾಲಕಾಲಕ್ಕೆ ಬದಲಾಯಿಸುವ ಖರ್ಚು ಪಡೆದವರ ಮೇಲೆ ಬೀಳುತ್ತದೆ ಎಂಬುದೂ ನೆನಪಿರಲಿ. ಹಿರಿಯರು ಮಲಗುವ ಕೋಣೆಯಲ್ಲಿ, ಬಾಗಿಲು ಕಿಟಕಿ ಮುಚ್ಚಿ ನಡೆಸಿದಾಗ ಅದರ ಪ್ರಯೋಜನ ಹೆಚ್ಚು. ಅದೇ ಕೋಣೆಯಲ್ಲಿ ಅಗರಬತ್ತಿ, ಧೂಪ ಉರಿಸಿದರೆ ಒಂದು ಕೈಯಿಂದ ತೆಗೆದದ್ದನ್ನು ಇನ್ನೊಂದು ಕೈಯಿಂದ ತುಂಬಿದಂತಾಗುತ್ತದೆ. ಕುಂಡದಲ್ಲಿಟ್ಟ ಗಿಡಗಳು ಕಣ್ಣಿಗೆ ತಂಪು. ನಾಲ್ಕು ಗಿಡಗಳಿಂದ ಕೋಣೆಯ ಗಾಳಿ ಶುದ್ಧವಾಗುವುದೆಂಬುದು ಮಾತ್ರ ನಿಜವಲ್ಲ.

ಚಳಿಗೆ ಹೀಟರ್ ಕೊಡುವವರು ಇನ್ನೊಂದು ಅಂಶವನ್ನು ತಿಳಿಸಿಯೇ ಕೊಡಬೇಕು. ಇದ್ದಿಲಿನ ಅಂಗೀಠಿಯನ್ನಾಗಲಿ, ಅನಿಲದ ಹೀಟರನ್ನಾಗಲಿ ಮುಚ್ಚಿದ ಕೋಣೆಯಲ್ಲಿ ಉರಿಸಿ ಮಲಗುವುದು ಪ್ರಾಣಾಪಾಯ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿ ಶೋಧಕ ಯಂತ್ರವೂ ಅದನ್ನು ತಡೆಯಲಾರದು.

ನಡಿಗೆ ಮತ್ತು ಆಟ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಉದಾಹರಣೆಗೆ ಚುರುಕು ನಡಿಗೆ, ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ದೇಹದ ಸಮತೋಲ ಮತ್ತು ಸ್ನಾಯುಬಲಗಳನ್ನು ಕಾಯುವ ವ್ಯಾಯಾಮ ಮಾಡಬೇಕು.

ಇದಕ್ಕೆ ಒಳ್ಳೆಯ ಉಡುಗೊರೆ ನಡೆಯುವ ಶೂ. ಆದರೆ ಅದನ್ನು ಅಂದಾಜಿನ ಮೇಲೆ ಕೊಂಡು ಕಳುಹಿಸಬಾರದು. ಸಂಜೆಯ ವೇಳೆಗೆ ಪಾದ ತುಸು ಊದಿರುವುದರಿಂದ ಆ ಹೊತ್ತಿನಲ್ಲಿಯೇ ಹಿರಿಯರನ್ನು ಅಂಗಡಿಗೆ ಕರೆದೊಯ್ದು, ಕಾಲುಚೀಲ ಹಾಕಿಸಿ, ಉದ್ದವಾದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿರುವಂತೆ ನೋಡಿ ಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಒಳಗೆ ಬಿದ್ದ ಸಣ್ಣ ಕಲ್ಲೂ ತಿಳಿಯದು. ಅವರು ಹಾಕಿಕೊಳ್ಳುವ ಮುನ್ನ ಶೂವಿನೊಳಗೆ ಕೈಯಾಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಜನಕಪುರಿಯಲ್ಲಿ ನಡೆಯುವುದಕ್ಕೆ ಉದ್ಯಾನಗಳಿಗೇನೂ ಕೊರತೆಯಿಲ್ಲ. ಆದರೆ ನವೆಂಬರಿನಿಂದ ಜನವರಿಯವರೆಗೆ ನಸುಕಿನ ನಡಿಗೆ ಒಳ್ಳೆಯದಲ್ಲ. ಬಿಸಿಲೇರಿ ಮಂಜು ಕರಗಿದ ಮೇಲೆ ಹೊರಡಬೇಕು. ಗಾಳಿ ತೀರ ಕೆಟ್ಟಿರುವ ದಿನಗಳಲ್ಲಿ ಮನೆಯೊಳಗೇ ಓಡಾಡಬೇಕು.

ಮಕ್ಕಳಿಗೆ ಹಗ್ಗ ಜಿಗಿಯುವ ಹಗ್ಗ, ಚೆಂಡು, ಬ್ಯಾಡ್ಮಿಂಟನ್ ರಾಕೆಟ್‌ಗಳು ಪರದೆಯ ಮುಂದಿನಿಂದ ಎಬ್ಬಿಸುವ ಉಡುಗೊರೆಗಳು. ಎರಡು ರಾಕೆಟ್ ಕೊಟ್ಟರೆ ತಂದೆಯೋ ತಾಯಿಯೋ ಇನ್ನೊಂದನ್ನು ಹಿಡಿಯಲೇಬೇಕಾಗುತ್ತದೆ. ಪುಟ್ಟ ಮಕ್ಕಳಿಗಾದರೆ ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಏರಿಸಿದ ಚನ್ನಪಟ್ಟಣದ ಗೊಂಬೆಗಳು ತಕ್ಕುವು; ತವರಿನ ಕುಶಲಕರ್ಮಿಗಳಿಗೂ ಅದರಿಂದ ನೆರವು. ಬಾಯಿಗೆ ಹೋಗುವಷ್ಟು ಸಣ್ಣ ಬಿಡಿಭಾಗಗಳಿಲ್ಲದ್ದನ್ನು ಆರಿಸಿದರಾಯಿತು.

ಬೀಳದಂತೆ ಕಾಯುವ ಉಡುಗೊರೆ

ಹಿರಿಯರಿಗೆ ಕೊಡಬಹುದಾದ ಅತಿ ಅಗ್ಗದ, ಆದರೆ ಅತಿ ಬೆಲೆಯುಳ್ಳ ಉಡುಗೊರೆಗಳು ಬಚ್ಚಲುಮನೆಯಲ್ಲಿವೆ. ಎಪ್ಪತ್ತರ ವಯಸ್ಸಿನಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದವರು ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಲಿಫ್ಟ್ ಇಲ್ಲದ ಹಳೆಯ ಮಹಡಿಮನೆಗಳಲ್ಲಿ ವಾಸಿಸುವವರಿಗಂತೂ ಒಂದು ಸಲ ಬಿದ್ದರೆ ಹೊರಗಿನ ಲೋಕವೇ ದೂರವಾಗುತ್ತದೆ. ಶೌಚದ ಪಕ್ಕದಲ್ಲಿ, ಸ್ನಾನದ ಜಾಗದಲ್ಲಿ ಗೋಡೆಗೆ ಬೋಲ್ಟ್ ಹೊಡೆದು ಕೂರಿಸಿದ ಹಿಡಿಗಂಬಿ, ಜಾರದ ರಬ್ಬರ್ ಚಾಪೆ, ಕೂತು ಸ್ನಾನ ಮಾಡಲು ಗಟ್ಟಿಯಾದ ಸ್ಟೂಲು, ಹಾಸಿಗೆಯಿಂದ ಬಚ್ಚಲಿನವರೆಗೆ ದಾರಿ ತೋರುವ ಸಣ್ಣ ದೀಪ, ಇಷ್ಟು ಸಾಕು. ಗಾಳಿಯ ಒತ್ತಡದಿಂದ ಅಂಟಿಕೊಳ್ಳುವ ಹಿಡಿಗಳು ಭಾರ ಬಿದ್ದಾಗ ಕಳಚಿಬರುವ ಸಂಭವವಿರುವುದರಿಂದ ಅವು ಬೇಡ.

ಕೊಡಬಾರದ ಉಡುಗೊರೆಗಳು

ಕೆಲವು ವಸ್ತುಗಳನ್ನು ಆರೋಗ್ಯದ ಹೆಸರಿನಲ್ಲಿ ಕೊಟ್ಟು ಅನಾರೋಗ್ಯವನ್ನು ತರುವುದುಂಟು.

ಜೀವಸತ್ವ "ಡಿ"ಯ 60,000 ಯೂನಿಟ್ಟಿನ ಪೊಟ್ಟಣವನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ಕೆಲವು ವಾರಗಳಿಗೆಂದು ವೈದ್ಯರು ಬರೆಯುತ್ತಾರೆ. ಅದನ್ನು ದಿನವೂ ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಕೇಡಾಗುತ್ತದೆ. ಪ್ರೋಟೀನ್ ಪುಡಿಯು ಮೂತ್ರಪಿಂಡ ದುರ್ಬಲವಾದವರಿಗೆ ಹೊರೆ. ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಅದರ ಬದಲು ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರೂ ರಕ್ತದ ಒತ್ತಡಕ್ಕೆ ಕೆಲವು ಬಗೆಯ ಮಾತ್ರೆಗಳನ್ನು ಸೇವಿಸುವವರೂ ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ವಿದ್ಯುತ್ತಿನ ಕಾವುಪಟ್ಟಿ, ಬಿಸಿನೀರಿನ ಚೀಲಗಳು ಸ್ಪರ್ಶ ಕುಂದಿದ ಪಾದಗಳನ್ನು ಅರಿವಿಲ್ಲದಂತೆ ಸುಡುತ್ತವೆ. ಆಯಸ್ಕಾಂತದ ಬಳೆಗಳಿಂದ ನೋವು ವಾಸಿಯಾಗುವುದೆಂಬುದಕ್ಕೆ ಆಧಾರವಿಲ್ಲ. ಹೃದಯದಲ್ಲಿ ಪೇಸ್‌ಮೇಕರ್ ಇರುವವರಿಗೆ ಪ್ರಬಲ ಆಯಸ್ಕಾಂತ ಅಪಾಯಕಾರಿ. ತಾಮ್ರದ ಶೀಶೆಯಲ್ಲಿ ನಿಂಬೆಯ ಪಾನಕ, ಮಜ್ಜಿಗೆಗಳನ್ನು ಇಡಬಾರದು. ಹುಳಿಗೆ ತಾಮ್ರ ಕರಗುತ್ತದೆ.

ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯುವುದೂ ಸರಿಯಲ್ಲ. ಕೇಂದ್ರೀಯ ಆಯುರ್ವೇದ ಸಂಶೋಧನಾ ಪರಿಷತ್ತಿನ ಪ್ರಧಾನ ಕಛೇರಿ ಇರುವುದು ಜನಕಪುರಿಯಲ್ಲಿಯೇ. ಆಯುರ್ವೇದ ಶಾಸ್ತ್ರವೂ ರೋಗಿಯ ಪ್ರಕೃತಿ, ವಯಸ್ಸು, ಕಾಲ, ದೇಶಗಳನ್ನು ನೋಡಿಯೇ ಔಷಧವನ್ನು ನಿರ್ಣಯಿಸುತ್ತದೆ. ಔಷಧವೆಂಬುದು ಹಂಚಿಕೊಳ್ಳುವ ಪದಾರ್ಥವಲ್ಲ ಎಂಬಲ್ಲಿ ಎರಡು ವೈದ್ಯಪದ್ಧತಿಗಳಿಗೂ ಭೇದವಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ಕೇಳದವರಿಗೆ ತೂಕದ ಯಂತ್ರವನ್ನೋ ಸೊಂಟ ಕರಗಿಸುವ ಪಟ್ಟಿಯನ್ನೋ ಎಲ್ಲರೆದುರು ಕೊಟ್ಟರೆ ಅದು ಉಡುಗೊರೆಯಾಗದೆ ಮೂದಲಿಕೆಯಾಗುತ್ತದೆ. ಹೊಸದಾಗಿ ಮನೆಗೆ ಬಂದ ಸೊಸೆಗಾಗಲಿ, ಹದಿಹರೆಯದ ಹುಡುಗಿಗಾಗಲಿ ಇಂಥ ವಸ್ತು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುತ್ತದೆ. ಶರೀರದ ಕುಂದನ್ನು ಎತ್ತಿ ತೋರಿಸದೆ ಬಲವನ್ನು ಹೆಚ್ಚಿಸುವಂಥದನ್ನು ಆರಿಸುವುದೇ ಔಚಿತ್ಯ.

ಹಣ ಬೇಡದ ಉಡುಗೊರೆಗಳು

ಅಂಗಡಿಯಲ್ಲಿ ದೊರೆಯದ ಉಡುಗೊರೆಗಳೂ ಇವೆ. 70 ವರ್ಷ ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚ ಭರಿಸುವ ಆಯುಷ್ಮಾನ್ ವಯ ವಂದನಾ ಯೋಜನೆ 2024ರ ಅಕ್ಟೋಬರ್ 29ರಂದು ಆರಂಭವಾಯಿತು. 2025ರಲ್ಲಿ ದೆಹಲಿಯೂ ಅದಕ್ಕೆ ಸೇರಿತು. ಸಿ.ಜಿ.ಎಚ್.ಎಸ್. ಸೌಲಭ್ಯವಿರುವ ನಿವೃತ್ತ ನೌಕರರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಆಧಾರ್ ಚೀಟಿ ಹಿಡಿದು, ದೂರವಾಣಿಯಲ್ಲಿ ಬರುವ ಗುಪ್ತಸಂಖ್ಯೆಯನ್ನು ನಮೂದಿಸಿ ಈ ಚೀಟಿಯನ್ನು ಮಾಡಿಸುವುದು ಹಿರಿಯರಿಗೆ ಕಷ್ಟ, ಕಿರಿಯರಿಗೆ ಅರ್ಧ ಗಂಟೆಯ ಕೆಲಸ. ನೆರೆಯ ಹುಡುಗನೊಬ್ಬ ಅದನ್ನು ಮಾಡಿಸಿಕೊಟ್ಟರೆ ಅದಕ್ಕಿಂತ ದೊಡ್ಡ ದೀಪಾವಳಿ ಉಡುಗೊರೆ ಯಾವುದಿದೆ?

ಹಿರಿಯರು ಸೇವಿಸುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು, ಒಗ್ಗದ ಔಷಧಗಳು, ರಕ್ತದ ಗುಂಪು, ವೈದ್ಯರ ಹಾಗೂ ನೆರೆಯವರ ದೂರವಾಣಿ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸುವುದು ಇನ್ನೊಂದು ಉಡುಗೊರೆ. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಆ ಹಾಳೆಯ ಬೆಲೆ ತಿಳಿಯುತ್ತದೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ, ವೈದ್ಯರು ಹೇಳಿದರೆ ನ್ಯುಮೋನಿಯಾ ತಡೆಯುವ ಲಸಿಕೆಯನ್ನೂ ಹಾಕಿಸಿಕೊಂಡು ಬರಲು ಜೊತೆಗೆ ಹೋಗುವುದು, ಕಣ್ಣು ಕಿವಿಗಳ ಪರೀಕ್ಷೆಗೆ ಕರೆದೊಯ್ಯುವುದು ಇದೇ ಸಾಲಿಗೆ ಸೇರುತ್ತವೆ.

ಇವೆಲ್ಲಕ್ಕೂ ಮೇಲಾದದ್ದು ಒಡನಾಟ. ವಿದೇಶದಲ್ಲಿರುವ ಮಗಳು ಕಳುಹಿಸಿದ ಯಂತ್ರ ಎಷ್ಟು ಉತ್ತಮವಾಗಿದ್ದರೂ, "ಅಪ್ಪಾ, ಈ ವಾರದ ಲೆಕ್ಕ ಓದಿ ಹೇಳಿ" ಎಂದು ಭಾನುವಾರದ ಕರೆಯಲ್ಲಿ ಅವಳು ಕೇಳಿದಾಗಲೇ ಅದು ಬೀರುವಿನಿಂದ ಹೊರಗೆ ಬರುತ್ತದೆ. ನಡೆಯುವ ಶೂ ಹಾಕಿಕೊಳ್ಳುವ ಮನಸ್ಸಾಗುವುದು ಕೆಳಗೆ ನಿಂತು ಕೂಗುವ ಜೊತೆಗಾರನಿದ್ದಾಗ. ಊರಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಬಂಧುಬಳಗವಿಲ್ಲದೆ ಬಾಳುವವರಿಗೆ ಕನ್ನಡದಲ್ಲಿ ನಾಲ್ಕು ಮಾತಾಡುವ ಜೊತೆ ದೊರೆತರೆ ನಡಿಗೆಯ ದೂರವೂ ಹಗುರವಾಗುತ್ತದೆ.

ಕನ್ನಡ ಸಂಘಗಳೂ ಈ ದಿಸೆಯಲ್ಲಿ ಯೋಚಿಸಬಹುದು. ರಾಜ್ಯೋತ್ಸವದ ಸ್ಪರ್ಧೆಗಳಲ್ಲಿ ಗಾಜಿನ ಕಪಾಟು ಸೇರುವ ಫಲಕಗಳ ಬದಲು ಮಕ್ಕಳಿಗೆ ಆಟದ ಸಾಮಾನು, ಹಿರಿಯರಿಗೆ ಶಾಲಿನೊಡನೆ ಒಂದು ಹಿಡಿಗಂಬಿ ಮತ್ತು ಅದನ್ನು ಗೋಡೆಗೆ ಕೂರಿಸಿಕೊಡುವ ವ್ಯವಸ್ಥೆ, ವರ್ಷಕ್ಕೊಮ್ಮೆ ಮನೆಮನೆಯ ಒತ್ತಡಮಾಪಕಗಳನ್ನು ತರಿಸಿ ವೈದ್ಯರ ಯಂತ್ರದೊಡನೆ ಹೋಲಿಸಿ ನೋಡುವ ಒಂದು ಭಾನುವಾರ, ಬಡಾವಣೆಯ ಸದಸ್ಯರ ಒಂದು ನಡಿಗೆಯ ಕೂಟ, ಇವು ಯಾವುವೂ ಸಂಘದ ಶಕ್ತಿಗೆ ಮೀರಿದವಲ್ಲ.

ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕೊಡುವ ವಸ್ತು ಒಂದು ಹಿಡಿಯಾದರೂ ಸರಿ, ಅದರ ಜೊತೆಗೆ ಮಾತೂ ವಿಚಾರಣೆಯೂ ಇರಬೇಕೆಂಬುದೇ ಆ ನುಡಿಯ ಆಶಯ. ಬರುವ ಹಬ್ಬದಲ್ಲಿ ಪೆಟ್ಟಿಗೆಯನ್ನು ಕೈಗಿತ್ತು ಬಾಗಿಲಿನಿಂದಲೇ ಮರಳುವ ಬದಲು, ಒಳಗೆ ಹೋಗಿ ಕೂತು, ಆ ಮನೆಯ ಹಿರಿಯರ ಆರೋಗ್ಯವನ್ನು ವಿಚಾರಿಸಿ ಬರುವ ರೂಢಿ ಬೆಳೆದರೆ ಉಡುಗೊರೆ ಎಂಬ ಮಾತು ಸಾರ್ಥಕವಾದೀತು.